ಪುಸ್ತಕದ ಮುಖ ನೋಡಿ ಮಣೆ ಹಾಕಬೇಡಿ

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಈ ಓದುಗರ ಕೂಟದವರು ನನಗೆ ಕೊಟ್ಟಿರುವ ವಿಷಯ ಚಿಕ್ಕದು. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಾಯಾಲೋಕದ ಕಥೆಯ ಸರಣಿಯ ಒಂದು ಒಳ್ಳೆಯ ಪ್ರತಿ ಮನೆಯಲ್ಲಿ ಇರಬೇಕು ಅಂದರೆ ಯಾವುದನ್ನು ಕೊಳ್ಳಬೇಕು? ಕಥೆಯ ಬಗ್ಗೆ ನನಗಿಂತ ಜಾಸ್ತಿ ಗೊತ್ತಿರುವ ಹುಡುಗ ಹುಡುಗಿಯರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಾನು ಪ್ರೆಸ್ಸಿನವನು. ಪುಸ್ತಕ ಕೈಗೆ ಬಂದರೆ ಮೊದಲು ಬೆನ್ನು ನೋಡುತ್ತೇನೆ, ಆಮೇಲೆ ಮುಖ. ಹಾಗಾಗಿ ನಾನು ಹೇಳುವುದು ಪ್ರೆಸ್ಸಿನವನ ಮಾತು ಅಂತಲೇ ಇಟ್ಟುಕೊಳ್ಳಿ.

ಅಂಗಡಿಯಲ್ಲಾಗಲಿ, ಮೊಬೈಲಿನಲ್ಲಾಗಲಿ, ಹುಡುಕಿದ ಕೂಡಲೇ ಕಣ್ಣಿಗೆ ಬೀಳುವುದು ಸಂಪುಟಗಳನ್ನು ಒಟ್ಟಿಗೆ ತುಂಬಿಟ್ಟು ಮಾರುವ ಡಬ್ಬಿ. ಬಂಗಾರದ ಬಣ್ಣದ ಅಕ್ಷರ, ಚರ್ಮದಂತೆ ಕಾಣುವ ರಟ್ಟು, ಅಂಚಿಗೆ ಬಣ್ಣ. ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಡಬ್ಬಿಯನ್ನು ಯಾರೂ ಓದುವುದಿಲ್ಲ ಅಲ್ವಾ? ಒಳಗಿರುವ ಪಠ್ಯ ಯಾವ ಕಾಲದ್ದು ಅಂತ ಮೊದಲು ಕೇಳಬೇಕು. ಈ ಸರಣಿಗೆ ಅದು ತುಂಬಾ ಮುಖ್ಯವಾದ ಪ್ರಶ್ನೆ.

ಟೋಲ್ಕಿನ್ ಬರೆದದ್ದು ಒಂದೇ ಕಾದಂಬರಿ. ಒಳಗೆ ಆರು ಭಾಗ, ಕೊನೆಗೆ ಅನುಬಂಧಗಳು. ಎರಡನೇ ಮಹಾಯುದ್ಧ ಮುಗಿದು ವರ್ಷಗಳಾದರೂ ಇಂಗ್ಲೆಂಡಿನಲ್ಲಿ ಕಾಗದ ದುಬಾರಿಯಾಗಿಯೇ ಇತ್ತು. ಇಷ್ಟು ದಪ್ಪದ ಪುಸ್ತಕ ಖರ್ಚಾಗುತ್ತದೋ ಇಲ್ಲವೋ ಅನ್ನುವ ಭಯ ಬೇರೆ. ಪ್ರಕಾಶಕರಾದ ಅಲೆನ್ ಆ್ಯಂಡ್ ಅನ್ವಿನ್ ಅದನ್ನು ಮೂರು ಸಂಪುಟ ಮಾಡಿದರು. ಮೊದಲ ಎರಡು 1954ರಲ್ಲಿ ಬಂದವು. ಅನುಬಂಧಗಳ ಕೆಲಸ ಎಳೆದಾಡಿ ಮೂರನೆಯದು 1955ಕ್ಕೆ ಹೋಯಿತು.

ಮೊದಲ ಸಂಪುಟ ಕಂಪೋಸ್ ಆಗುವಾಗಲೇ ಮುದ್ರಕರು ಲೇಖಕರ ಕಾಗುಣಿತವನ್ನು ತಿದ್ದಿಬಿಟ್ಟರು. ಟೋಲ್ಕಿನ್ ಬೇಕೆಂದೇ ಹಾಗೆ ಬರೆದಿದ್ದರು. ಪ್ರೂಫಿನಲ್ಲಿ ಅವೆಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಿಸಬೇಕಾಯಿತು. ಇಂಥ ಪಂಡಿತ ಪ್ರತಿ ಪ್ರೆಸ್ಸಿನಲ್ಲೂ ಒಬ್ಬ ಇರುತ್ತಾನೆ ಬಿಡಿ. ಅಲ್ಲಿಗೇ ಮುಗಿಯಲಿಲ್ಲ. ಮೊದಲ ಮುದ್ರಣ ಆದ ಮೇಲೆ ಜೋಡಿಸಿದ್ದ ಅಚ್ಚುಮೊಳೆಗಳನ್ನು ಬಿಚ್ಚಿಬಿಟ್ಟಿದ್ದರು. ಮರುಮುದ್ರಣ ಬೇಕಾದಾಗ ಪೂರ್ತಿ ಸಂಪುಟಕ್ಕೆ ಹೊಸದಾಗಿ ಮೊಳೆ ಜೋಡಿಸಿದರು. ಅದನ್ನು ಲೇಖಕರಿಗೆ ಹೇಳಲಿಲ್ಲ. ಹೊಸ ತಪ್ಪುಗಳು ಸೇರಿಕೊಂಡವು. ಮೊಳೆ ಜೋಡಣೆಯ ಕಾಲ ನೋಡಿದ ಹಿರಿಯರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಇದರ ಸಂಕಟ ಗೊತ್ತಾಗುತ್ತದೆ.

1965ರಲ್ಲಿ ಅಮೆರಿಕದಲ್ಲಿ ಇನ್ನೊಂದು ರಂಪ. ಅಲ್ಲಿನ ಹಕ್ಕುಸ್ವಾಮ್ಯದ ಕಾನೂನಿನಲ್ಲಿ ಸಂದು ಸಿಕ್ಕಿತು ಅಂತ ಏಸ್ ಬುಕ್ಸ್ ಎಂಬ ಕಂಪನಿ ಲೇಖಕರ ಒಪ್ಪಿಗೆ ಇಲ್ಲದೆಯೇ ಪೇಪರ್‌ಬ್ಯಾಕ್ ಹಾಕಿತು. ಬೆಲೆ 75 ಸೆಂಟ್. ಹೊಸ ಪಠ್ಯಕ್ಕಾದರೂ ಅಲ್ಲಿ ಹಕ್ಕು ಸಿಗಲಿ ಅಂತ ಟೋಲ್ಕಿನ್ ಕೂತು ಪಠ್ಯವನ್ನು ಪರಿಷ್ಕರಿಸಿದರು. ಆ ಹೊಸ ಪಠ್ಯವನ್ನು ಬ್ಯಾಲಂಟೈನ್ ಕಂಪನಿ 95 ಸೆಂಟಿಗೆ ತಂದಿತು. ಬದುಕಿರುವ ಲೇಖಕನ ಮೇಲೆ ಸ್ವಲ್ಪವಾದರೂ ಮರ್ಯಾದೆ ಇರುವವರು ಇದನ್ನೇ ಕೊಳ್ಳಿ ಅಂತ ಪುಸ್ತಕದ ಹಿಂಬದಿಯಲ್ಲಿ ಅವರೇ ಬರೆದರು. ಓದುಗರು ಅವರ ಪರ ನಿಂತರು. ಏಸ್ ಕಂಪನಿ ಕೊನೆಗೆ ಗೌರವಧನ ಕೊಟ್ಟು, ಮತ್ತೆ ಅಚ್ಚು ಹಾಕಲಿಲ್ಲ. ಇವತ್ತು ನಾವು ಓದುವುದು ಆ ಪರಿಷ್ಕರಣೆಯಿಂದ ಬಂದ ಎರಡನೇ ಆವೃತ್ತಿಯ ಪಠ್ಯವನ್ನು.

ಅದರಲ್ಲೂ ತಪ್ಪುಗಳು ಉಳಿದುಕೊಂಡೇ ಬಂದವು. 2004ರಲ್ಲಿ, ಅಂದರೆ ಪುಸ್ತಕಕ್ಕೆ 50 ವರ್ಷ ತುಂಬಿದಾಗ, ವೇಯ್ನ್ ಹ್ಯಾಮಂಡ್ ಮತ್ತು ಕ್ರಿಸ್ಟಿನಾ ಸ್ಕಲ್ ಎಂಬ ದಂಪತಿ ಹಳೆಯ ಮುದ್ರಣಗಳನ್ನೆಲ್ಲ ಹೋಲಿಸಿ ಮುನ್ನೂರಕ್ಕೂ ಹೆಚ್ಚು ಕಡೆ ತಿದ್ದಿದರು. ಲೇಖಕರ ಮಗ ಕ್ರಿಸ್ಟೋಫರ್ ಟೋಲ್ಕಿನ್ ಒಪ್ಪಿಗೆ ಇಟ್ಟುಕೊಂಡೇ ಆ ಕೆಲಸ ನಡೆಯಿತು. ನಿಮಗೆ ಬೇಕಾದ ಪಠ್ಯ ಇದು. ಗುರುತು ಹಿಡಿಯುವುದು ಸುಲಭ. ಕಥೆ ಶುರುವಾಗುವ ಮುಂಚೆ ‘ಪಠ್ಯದ ಬಗ್ಗೆ’ ಎಂಬ ಟಿಪ್ಪಣಿಯೂ 50ನೇ ವರ್ಷದ ಆವೃತ್ತಿಯ ಬಗ್ಗೆ ಇನ್ನೊಂದು ಟಿಪ್ಪಣಿಯೂ ಇರುತ್ತವೆ. ಅವೆರಡೂ ಇದ್ದರೆ ಅರ್ಧ ಚಿಂತೆ ಹೋಯಿತು. ಸಾಧಾರಣ ಪೇಪರ್‌ಬ್ಯಾಕಿನಲ್ಲೂ ಈ ಪಠ್ಯ ಸಿಗುತ್ತದೆ. ದುಬಾರಿ ಡಬ್ಬಿಯಲ್ಲಿ ಹಳೆಯ ಪಠ್ಯ ಇರಲೂಬಹುದು.

ಹಳೆ ಪುಸ್ತಕ ಕೊಳ್ಳುವವರು ಇನ್ನೊಂದು ನೋಡಿ. 1968ರ ಒಂದೇ ಸಂಪುಟದ ಪೇಪರ್‌ಬ್ಯಾಕಿನಲ್ಲಿ ಅನುಬಂಧಗಳನ್ನೇ ತೆಗೆದುಹಾಕಿದ್ದರು. ಅರಗಾರ್ನ್ ಮತ್ತು ಅರ್ವೆನ್ ಎಂಬ ಎರಡು ಪಾತ್ರಗಳ ಕಥೆಯೊಂದನ್ನು ಮಾತ್ರ ಉಳಿಸಿದ್ದರು. ವಂಶಾವಳಿ, ಕಾಲಾನುಕ್ರಮ, ಲಿಪಿಗಳು, ಯಾವುದೂ ಇಲ್ಲ. ಅನುಬಂಧ ಯಾರು ಓದುತ್ತಾರೆ ಅಂತ ಕೇಳಬೇಡಿ. ಮೊದಲ ಓದಿಗೆ ಬೇಡ, ಎರಡನೇ ಓದಿಗೆ ಬೇಕೇ ಬೇಕು.

ಈಗ ಬೆನ್ನಿನ ವಿಷಯ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಈ ಹವೆಗೆ ಪುಸ್ತಕದ ಅಂಟು ಹೆದರುತ್ತದೆ. ಪುಸ್ತಕವನ್ನು ಕಟ್ಟುವುದು ಎರಡು ರೀತಿ. ಹದಿನಾರು ಪುಟದ ಒಂದೊಂದು ಫಾರಂ ಮಡಿಸಿ, ಮಡಿಕೆಯೊಳಗೆ ದಾರ ಹಾಕಿ ಹೊಲಿಯುವುದು ಒಂದು. ಮಡಿಕೆಯನ್ನೆಲ್ಲ ಕತ್ತರಿಸಿ, ಬಿಡಿ ಹಾಳೆಗಳಿಗೆ ಬಿಸಿ ಅಂಟು ಬಳಿದು ರಟ್ಟಿಗೆ ಕೂರಿಸುವುದು ಇನ್ನೊಂದು. ಎರಡನೆಯದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಅನ್ನುತ್ತಾರೆ. ಹೆಸರಿಟ್ಟವರು ಯಾರೋ, ಆ ಬೈಂಡಿಂಗ್ ಮಾಡಿದ ಪುಸ್ತಕವನ್ನು ನಮ್ಮ ಮೇ ತಿಂಗಳಲ್ಲಿ ಓದಿರಲಿಕ್ಕಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಆ ಅಂಟು ಮೆತ್ತಗಾಗಿ ಹಾಳೆ ಜಾರುತ್ತದೆ. ವರ್ಷಗಳು ಕಳೆದಂತೆ ಅದೇ ಅಂಟು ಒಣಗಿ ಬಿರಿಯುತ್ತದೆ. ಸುಮಾರು 1200 ಪುಟದ ಪುಸ್ತಕವನ್ನು ಮಧ್ಯಕ್ಕೆ ತೆರೆದಾಗ ಬೆನ್ನಿನ ಮೇಲೆ ಬೀಳುವ ಒತ್ತಡ ಕಡಿಮೆಯದೇನಲ್ಲ. ಮೊದಲು ಬಿಚ್ಚಿಕೊಳ್ಳುವುದು ಅಲ್ಲೇ.

ಗಟ್ಟಿ ರಟ್ಟು ಅಂದ ಕೂಡಲೇ ಹೊಲಿಗೆ ಇದೆ ಅಂತ ನಂಬಬೇಡಿ. ಈಗೀಗ ರಟ್ಟಿನೊಳಗೂ ಬರೀ ಅಂಟು ಇರುವ ಪುಸ್ತಕ ಬೇಕಾದಷ್ಟು ಬರುತ್ತವೆ. ಮುಚ್ಚಿದ ಪುಸ್ತಕದ ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿ. ಮಡಿಕೆಗಳ ಸಣ್ಣ ಸಣ್ಣ ಗುಂಪು ಕಂಡರೆ ಫಾರಂಗಳು ಉಳಿದಿವೆ. ಹಾಳೆಗಳು ಒಂದೇ ಗೋಡೆಯಾಗಿ ಕಂಡರೆ ಅಂಟು. ಒಂದು ಗುಂಪಿನ ನಡುವೆ ತೆರೆದು ದಾರ ಕಾಣುತ್ತದಾ ನೋಡಿ. ಕಂಡರೆ ಕಣ್ಣು ಮುಚ್ಚಿ ಕೊಳ್ಳಿ.

ಕಾಗದಕ್ಕೆ ಎಳೆ ಇರುತ್ತದೆ, ಅಂದರೆ ಅದರ ನಾರು ಒಂದು ದಿಕ್ಕಿಗೆ ಓಡಿರುತ್ತದೆ. ಆ ಎಳೆ ಬೆನ್ನಿಗೆ ಸಮಾನಾಂತರವಾಗಿ ಓಡಬೇಕು. ಅಡ್ಡಡ್ಡ ಓಡಿದರೆ ಪುಟ ಸೆಟೆದು ನಿಲ್ಲುತ್ತದೆ, ಪುಸ್ತಕ ತೆರೆದು ಮಲಗುವುದೇ ಇಲ್ಲ. ಇದನ್ನು ಹೇಳಿದರೆ ಅಂಗಡಿಯವರು ನಗಬಹುದು, ನಗಲಿ. ನಮ್ಮ ಕನ್ನಡ ಪುಸ್ತಕಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಆಕಾರ ಡೆಮಿ 1/8 ಅಂತ ಕಾಗದದ ತೂಕ, ಜಾತಿ, ಪುಸ್ತಕದ ಅಳತೆ ಮೂರೂ ಎರಡನೇ ಪುಟದಲ್ಲೇ ಅಚ್ಚಾಗಿರುತ್ತವೆ. ಇಂಗ್ಲಿಷ್ ಪುಸ್ತಕದವರು ಇದನ್ನು ಹೇಳುವುದೇ ಅಪರೂಪ. ಕೈಯಿಂದಲೇ ಮುಟ್ಟಿ ನೋಡಬೇಕು. ತೀರಾ ತೆಳುವಾದ ಕಾಗದದ ಡಿಲಕ್ಸ್ ಪ್ರತಿಗಳಿವೆ. ಹಿಂಬದಿಯ ಅಕ್ಷರ ಈ ಕಡೆ ಕಾಣುತ್ತದೆ. ಫ್ಯಾನ್ ಕೆಳಗೆ ಕೂತರೆ ಪುಟ ನಿಲ್ಲುವುದಿಲ್ಲ. ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಓದಿ ಅಂತ ಯಾರಿಗೆ ಹೇಳೋಣ?

ಚರ್ಮದ ಹೊದಿಕೆ ಅಂತ ಬರೆದಿದ್ದರೆ ಇನ್ನೂ ಹುಷಾರು. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲೆಸಿ ಹಾಳೆ ಮಾಡಿ ಮಾರುವುದೇ ಜಾಸ್ತಿ. ಕೆಲವು ವರ್ಷ ಕಳೆದರೆ ಅದು ಹಳೆ ಸೋಫಾದ ಹಾಗೆ ಸಿಪ್ಪೆ ಏಳುತ್ತದೆ. ಬಟ್ಟೆಯ ಬೈಂಡು ಇದಕ್ಕಿಂತ ಎಷ್ಟೋ ವಾಸಿ.

ಬರುವ ಮುಂಚೆ ಒಬ್ಬ ಹುಡುಗ ಕೇಳಿದ, “ಅಣ್ಣಾ, ಮೂರು ಬುಕ್ ತಗೊಳ್ಳಲಾ, ಒಂದೇ ದಪ್ಪದ್ದು ತಗೊಳ್ಳಲಾ?” ಲೇಖಕರ ಆಸೆ ಒಂದೇ ಪುಸ್ತಕ ಅನ್ನುವುದು ನಿಜ. ಆದರೂ ನಾನು ಮೂರೇ ಅನ್ನುತ್ತೇನೆ. ಮಲಗಿ ಓದುವವರಿಗೆ ದಪ್ಪದ್ದು ಎದೆ ಮೇಲೆ ಭಾರ, ಬೆನ್ನಿಗೂ ಭಾರ. ನಮ್ಮ ಬೆನ್ನಲ್ಲ, ಅದರ ಬೆನ್ನು. ಮೂರರಲ್ಲಿ ಒಂದು ಹಾಳಾದರೆ ಒಂದನ್ನೇ ಬದಲಾಯಿಸಬಹುದು. 1999ರಲ್ಲಿ ಏಳು ಸಂಪುಟದ ಒಂದು ಕಟ್ಟೂ ಬಂದಿತ್ತು. ಜೋಡಿಸಿ ನಿಲ್ಲಿಸಿದರೆ ಏಳು ಬೆನ್ನುಗಳ ಮೇಲೆ ಲೇಖಕರ ಹೆಸರಿನ ಏಳು ಇಂಗ್ಲಿಷ್ ಅಕ್ಷರ. ಕಪಾಟಿಗೆ ಚಂದ, ಅಷ್ಟೇ.

ನಕ್ಷೆ ಮರೆಯಬೇಡಿ. 1954ರ ಪುಸ್ತಕದಲ್ಲಿ ಕ್ರಿಸ್ಟೋಫರ್ ಬರೆದ ದೊಡ್ಡ ನಕ್ಷೆ ಕೆಂಪು ಕಪ್ಪು ಎರಡು ಬಣ್ಣದಲ್ಲಿತ್ತು, ಬಿಚ್ಚಿ ಹರಡುವ ಹಾಗಿತ್ತು. ಅಗ್ಗದ ಪ್ರತಿಗಳಲ್ಲಿ ಅದನ್ನೇ ಕುಗ್ಗಿಸಿ ಎರಡು ಪುಟಕ್ಕೆ ಹಂಚುತ್ತಾರೆ. ನಡುವಿನ ಊರುಗಳೆಲ್ಲ ಬೈಂಡಿಂಗಿನೊಳಗೆ ಹೋಗುತ್ತವೆ. ಈ ಕಥೆಯಲ್ಲಿ ಜನ ನಡೆಯುವುದೇ ಕೆಲಸ. ಎಲ್ಲಿ ನಡೆಯುತ್ತಿದ್ದಾರೆ ಅಂತ ಕಾಣದಿದ್ದರೆ ಅರ್ಧ ರುಚಿ ಹೋಯಿತು.

ಚಿತ್ರ ಬೇಕು ಅನ್ನುವವರಿಗೆ ಎರಡು ದಾರಿ. ಅಲನ್ ಲೀ ಅವರ 50 ಜಲವರ್ಣ ಚಿತ್ರಗಳಿರುವ ಆವೃತ್ತಿ 1991ರಲ್ಲಿ ಬಂತು. ಮುಂದೆ ಈ ಕಥೆ ಸಿನಿಮಾ ಆದಾಗ ಅದರ ಕಲಾ ವಿಭಾಗಕ್ಕೂ ಅವರನ್ನೇ ಕರೆದರು. ಮಂಜು, ಕಲ್ಲು, ಹಳೆ ಮರ, ಇವು ಅವರ ಕೈಯಲ್ಲಿ ಬಂದ ಹಾಗೆ ಬೇರೆಯವರಲ್ಲಿ ಬಂದಿಲ್ಲ. ಮುಖಗಳನ್ನು ಅವರು ಜಾಸ್ತಿ ತೋರಿಸುವುದಿಲ್ಲ, ಅದು ನನಗೆ ಇಷ್ಟ. ಇನ್ನೊಂದು, ಟೋಲ್ಕಿನ್ ತಾವೇ ಬರೆದ ಚಿತ್ರಗಳನ್ನು ಸೇರಿಸಿ 2021ರಲ್ಲಿ ಬಂದ ಒಂದೇ ಸಂಪುಟದ ಆವೃತ್ತಿ. ಪಠ್ಯವೇ ಎರಡು ಬಣ್ಣದಲ್ಲಿದೆ. ಕಥೆಯ ಮಾಯದ ಉಂಗುರದ ಮೇಲಿನ ಬೆಂಕಿಯಕ್ಷರವನ್ನು ಕೆಂಪಿನಲ್ಲಿ ಹಾಕಬೇಕು ಅಂತ ಅವರಿಗೆ ಮೊದಲಿನಿಂದಲೂ ಆಸೆ ಇತ್ತು, ಖರ್ಚಿನ ಕಾರಣಕ್ಕೆ ಆಗ ಆಗಲಿಲ್ಲ. ದಪ್ಪದ್ದು ಬೇಡ ಅಂದವನೇ ಇದನ್ನು ಹೊಗಳುತ್ತಿದ್ದೇನೆ, ಗೊತ್ತು. ಇದು ಮೇಜಿನ ಮೇಲೆ ಇಟ್ಟುಕೊಂಡು ನೋಡುವ ಪುಸ್ತಕ.

ಸಿನಿಮಾದ ಫೋಟೊ ಇರುವ ಮುಖಪುಟ ಬೇಡ. ಅದು ನನ್ನ ಹಟ, ಕಾರಣ ಕೇಳಬೇಡಿ. ಮುಖಪುಟದ ಅವಾಂತರ ಹೊಸದಲ್ಲ. 1965ರ ಬ್ಯಾಲಂಟೈನ್ ಪ್ರತಿಗಳಿಗೆ ಚಿತ್ರ ಬರೆದ ಬಾರ್ಬರಾ ರೆಮಿಂಗ್ಟನ್ ಅವರಿಗೆ ಪುಸ್ತಕ ಓದಲು ಪುರಸೊತ್ತೇ ಸಿಕ್ಕಿರಲಿಲ್ಲ. ಟೋಲ್ಕಿನ್ ಅವರದೇ ಇನ್ನೊಂದು ಪುಸ್ತಕ ‘ದಿ ಹಾಬಿಟ್’ ಮುಖಪುಟದಲ್ಲಿ ಒಂದು ಸಿಂಹ, ಎರಡು ಎಮು ಹಕ್ಕಿ ಬಂದು ಕೂತವು. ಇವು ಎಲ್ಲಿಂದ ಬಂದವು ಅಂತ ಟೋಲ್ಕಿನ್ ತಲೆ ಚಚ್ಚಿಕೊಂಡರು. ಮುಂದಿನ ಮುದ್ರಣಗಳಲ್ಲಿ ಸಿಂಹ ಹೋಯಿತು, ಎಮು ಉಳಿದವು.

ಬೇರೆ ಸರಣಿಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಏಳು ಪುಸ್ತಕ 1950ರಿಂದ 1956ರವರೆಗೆ ಬಂದವು. ಈಗಿನ ಕಟ್ಟುಗಳಲ್ಲಿ ಕಥೆಯ ಕಾಲಕ್ರಮದಂತೆ ನಂಬರ್ ಹಾಕಿರುತ್ತಾರೆ. ಅದನ್ನು ಬಿಟ್ಟು, ಬಂದ ಕ್ರಮದಲ್ಲೇ, ಕಪಾಟಿನ ಬಾಗಿಲಿನ ಕಥೆಯಾದ ‘ದಿ ಲಯನ್, ದಿ ವಿಚ್ ಆ್ಯಂಡ್ ದಿ ವಾರ್ಡ್‌ರೋಬ್’ನಿಂದ ಓದಿ. ಪಾಲಿನ್ ಬೇನ್ಸ್ ಅವರ ರೇಖಾಚಿತ್ರ ಇರುವ ಪ್ರತಿಯನ್ನೇ ಹುಡುಕಿ. ಉರ್ಸುಲಾ ಲ ಗ್ವಿನ್ ಅವರ ಅರ್ಥ್‌ಸೀ ಸರಣಿಯ ನಾಯಕನದು ಕೆಂಗಂದು ಮೈಬಣ್ಣ. ಮುಖಪುಟದವರು ವರ್ಷಗಟ್ಟಲೆ ಅವನನ್ನು ಬಿಳಿಯನನ್ನಾಗಿ ಮಾಡಿದರು, ಲೇಖಕಿ ಜಗಳವಾಡುತ್ತಲೇ ಬಂದರು. 2018ರಲ್ಲಿ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ ಇಡೀ ಸರಣಿ ಒಂದೇ ಸಂಪುಟದಲ್ಲಿ ಬಂತು. ಚಿತ್ರಕಾರರ ಜೊತೆ ಅವರೇ ಕೂತು ಕೆಲಸ ಮಾಡಿಸಿದ್ದರು. ಪುಸ್ತಕ ಹೊರಬರುವ ಮುಂಚೆ, ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡರು.

ಫುಟ್‌ಪಾತಿನ ಅಗ್ಗದ ನಕಲಿ ಪ್ರತಿ ಬಗ್ಗೆ ಒಂದೇ ಮಾತು. ಅದು ಅಸಲಿ ಪುಸ್ತಕದ ಸ್ಕ್ಯಾನ್. ನಕ್ಷೆ ಮಸಿಯ ಮುದ್ದೆಯಾಗಿರುತ್ತದೆ, ನಡುವೆ ಪುಟ ಇರುವುದೇ ಇಲ್ಲ. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಅಸಲಿ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಪ್ರತಿಯ ಬೆನ್ನು ಬಿಟ್ಟಿದ್ದರೂ ಪರವಾಗಿಲ್ಲ, ಪುಟ ಪೂರ್ತಿ ಇದ್ದರೆ ಸಾಕು. ಮಂಡಿಗಳಿಗೆ ಲೆಕ್ಕದ ಪುಸ್ತಕ ಕಟ್ಟಿಕೊಟ್ಟು ಕೈ ಪಳಗಿದ ಬೈಂಡರ್‌ಗಳು ನಮ್ಮ ಊರಲ್ಲಿ ಇನ್ನೂ ಇದ್ದಾರೆ. ನಿಮ್ಮ ಅಪ್ಪ ಅಮ್ಮಂದಿರು ‘ಚಂದಮಾಮ’ದ ಧಾರಾವಾಹಿ ಪುಟಗಳನ್ನು ಜೋಪಾನವಾಗಿ ಬಿಡಿಸಿ, ಕನ್ನಡದ್ದೊಂದು ಕಟ್ಟು ತೆಲುಗಿನದೊಂದು ಕಟ್ಟು ಮಾಡಿ ಇಂಥವರ ಹತ್ತಿರವೇ ಕೊಡುತ್ತಿದ್ದರು. ಮಾಟಗಾತಿ, ರಾಕ್ಷಸ, ಹಾರುವ ಕುದುರೆ ಎಲ್ಲ ಅದರಲ್ಲೇ ಇದ್ದವು. ತಮಗೆ ಬೇಕಾದ ಆವೃತ್ತಿಯನ್ನು ತಾವೇ ಮಾಡಿಸಿಕೊಂಡವರು ಅವರು.

ಬೈಂಡರ್ ಹತ್ತಿರ ಹೋದಾಗ ಮೂರು ಮಾತು ಹೇಳಿ. ಫಾರಂ ಉಳಿದಿದ್ದರೆ ಮಡಿಕೆಯಲ್ಲೇ ಹೊಲಿಯಿರಿ, ಪಕ್ಕದಿಂದ ತೂತು ಹೊಡೆದು ಹೊಲಿಯಬೇಡಿ ಅನ್ನಿ. ಪಕ್ಕದ ಹೊಲಿಗೆ ಗಟ್ಟಿ, ಆದರೆ ಪುಸ್ತಕ ಬಾಯಿ ಬಿಡುವುದಿಲ್ಲ. ಅಂಟಿಗೆ ಸ್ವಲ್ಪ ಮೈಲುತುತ್ತು ಹಾಕಿಸಿ, ಹುಳ ಹಿಡಿಯುವುದಿಲ್ಲ. ಅಂಚು ಸಮ ಮಾಡಲು ಕಟಿಂಗ್ ಮೆಷಿನ್ನಿಗೆ ಇಡುವ ಮುಂಚೆ ನಕ್ಷೆಯ ಹಾಳೆ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಅರ್ಧ ಬೆರಳು ನಕ್ಷೆ ಹೋಗುತ್ತದೆ, ಅದರ ಜೊತೆ ಉತ್ತರದ ಬೆಟ್ಟಗಳೂ ಹೋಗುತ್ತವೆ.

ಪ್ರಶ್ನೆ ಇದ್ದರೆ ಕೇಳಿ. ಡಬ್ಬಿ ಈಗಾಗಲೇ ಕೊಂಡವರು ಬೇಜಾರು ಮಾಡಿಕೊಳ್ಳದೆ ಅದನ್ನೂ ತನ್ನಿ, ಬೆನ್ನು ನೋಡೋಣ.