ಹಾಲು ಸಾಲುತ್ತದೆಯೇ?

ಶ್ರೋತೃಗಳಿಗೆ ನಮಸ್ಕಾರ.

ಬಾಣಂತಿಯನ್ನು ನೋಡಲು ಬರುವವರು ಮಗುವಿನ ಮೂಗು ಯಾರದು, ಹಣೆ ಯಾರದು ಎಂಬುದನ್ನು ತೀರ್ಮಾನಿಸಿದ ಮೇಲೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಹಾಲು ಸಾಲುತ್ತದೇನಮ್ಮ?” ಕೇಳುವವರಿಗೆ ಕಾಳಜಿಯೇ ಇರುತ್ತದೆ, ಸಂದೇಹವಿಲ್ಲ. ಆದರೆ ಅದೇ ಹೊತ್ತಿಗೆ ಮಗು ಅಳತೊಡಗಿದರೆ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. “ಪಾಪ, ಸಾಲದು ಅಂತ ಕಾಣುತ್ತೆ” ಎಂಬ ಆ ಮಾತು ಹಸಿ ಬಾಣಂತಿಯ ಮನಸ್ಸಿನಲ್ಲಿ ಕುಳಿತರೆ ಏಳುವುದಿಲ್ಲ. ತಿಪಟೂರಿನ ಬಳಿಯ ನನ್ನ ತವರಿನಲ್ಲಿ ಮೊದಲು ಕೇಳಿದ ಆ ಮಾತು, ಬೆಂಗಳೂರಿಗೆ ಹಿಂತಿರುಗಿ ಕೆಲಸಕ್ಕೆ ಸೇರಿದ ಮೇಲೆ ಹಾಲು ಹಿಂಡುವ ಯಂತ್ರದ ಬಾಟಲಿಯ ಗೆರೆಗಳಲ್ಲಿ ನನಗೆ ಮತ್ತೆ ಎದುರಾಯಿತು. ಜನರ ಬಾಯಿ ಮತ್ತು ಬಾಟಲಿಯ ಗೆರೆ, ಈ ಎರಡು ಅಳತೆಗಳನ್ನೂ ನಾವು ಏಕಿಷ್ಟು ನಂಬಬಾರದು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ನನ್ನದು ಸಿಸೇರಿಯನ್ ಹೆರಿಗೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು, ಆರು ತಿಂಗಳು ತುಂಬುವವರೆಗೆ ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಕೊಡಬೇಕು, ಆಮೇಲೆ ಬೇರೆ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಆ ಮೊದಲ ಗಂಟೆಯ ಹಾಲು ಸಿಗುತ್ತಿರುವುದು ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡ 41.8 ಇತ್ತು. ನನ್ನ ಮಗಳೂ ಉಳಿದ ಅರ್ಧಕ್ಕೆ ಸೇರಿದವಳು. ಅವಳು ನನ್ನ ಕೈಗೆ ಬಂದಾಗ ಸಂಜೆಯಾಗಿತ್ತು. ದಾದಿಯೊಬ್ಬರು ಎದೆಯನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ, ಸ್ಟೀಲ್ ಚಮಚದಲ್ಲಿ ಹಿಡಿದ ಹಾಲನ್ನು ನನಗೆ ತೋರಿಸಿದರು. ಅರಿಸಿನ ಕದಡಿದಂಥ ಬಣ್ಣದ, ಅಂಟಂಟಾದ ನಾಲ್ಕಾರು ಹನಿಗಳು. ಚಮಚದ ತಳವೂ ಮುಚ್ಚಿರಲಿಲ್ಲ. ಜೊತೆಯಲ್ಲಿದ್ದ ಹಿರಿಯರೊಬ್ಬರು ಕೂಡಲೇ ಜೇನುತುಪ್ಪದ ಮಾತೆತ್ತಿದರು. ದಾದಿ ಬಲು ನಯವಾಗಿ, ಆದರೆ ಒಂದಿಷ್ಟೂ ಜಗ್ಗದೆ, ವರ್ಷ ತುಂಬುವವರೆಗೆ ಜೇನು ಬೇಡ, ಅದರಲ್ಲಿರಬಹುದಾದ ರೋಗಾಣುವಿನ ವಿಷವನ್ನು ಎಳೆಯ ಕರುಳು ತಡೆದುಕೊಳ್ಳದು ಎಂದರು. ಮೊದಲ ದಿನ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಒಂದು ಟೀ ಚಮಚದಷ್ಟನ್ನು ಮಾತ್ರ ಎಂಬುದನ್ನೂ ಅವರೇ ಹೇಳಿದರು. ರೋಗನಿರೋಧಕ ಅಂಶಗಳು ತುಂಬಿದ ಆ ಹಳದಿ ಹಾಲು ಅಳತೆಯಲ್ಲಿ ಕಡಿಮೆಯಿರಬೇಕಾದದ್ದೇ ಹೌದು. ಬಿಳಿ ಹಾಲು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಇಳಿಯುತ್ತದೆ, ಸಿಸೇರಿಯನ್ ಆದವರಲ್ಲಿ ಇನ್ನೂ ಸ್ವಲ್ಪ ತಡವಾಗಬಹುದು. ಆ ನಡುವಿನ ದಿನಗಳಲ್ಲಿಯೇ ಅನೇಕ ಮನೆಗಳಿಗೆ ಪುಡಿ ಹಾಲಿನ ಡಬ್ಬ ಬರುತ್ತದೆ.

ಡಬ್ಬ ಬಂದರೆ ಏನಾಗುತ್ತದೆ ಎಂಬುದನ್ನು ಅರಿಯಲು ಎದೆಯ ಲೆಕ್ಕಾಚಾರವನ್ನು ತುಸು ತಿಳಿಯಬೇಕು. ಮಗು ಚೀಪಿದಾಗ ತಾಯಿಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಹಾಲು ಉತ್ಪತ್ತಿಯಾಗುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಆ ಹಾಲನ್ನು ಹೊರಕ್ಕೆ ತಳ್ಳುತ್ತದೆ. ಎದೆ ಬರಿದಾದಷ್ಟೂ ಬೇಗ ತುಂಬುತ್ತದೆ, ತುಂಬಿಯೇ ಉಳಿದರೆ ಉತ್ಪತ್ತಿ ತಾನಾಗಿ ತಗ್ಗುತ್ತದೆ. ಎಂದರೆ, ಹಾಲು ಸಾಲದೆಂದು ಒಂದು ಹೊತ್ತು ಪುಡಿ ಹಾಲು ಕುಡಿಸಿದರೆ, ಆ ಹೊತ್ತಿನ ಬೇಡಿಕೆ ಎದೆಗೆ ತಲುಪುವುದೇ ಇಲ್ಲ, ಮರುದಿನ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿಯಲ್ಲಿ ಹೆಚ್ಚಾಗಿರುವುದರಿಂದ, “ರಾತ್ರಿ ನೀನು ಮಲಗು, ಮಗುವಿಗೆ ಬಾಟಲಿ ಹಾಕುತ್ತೇವೆ” ಎಂಬ ಪ್ರೀತಿಯ ಮಾತೂ ಹೀಗೆಯೇ ತಿರುಗಿಬೀಳಬಹುದು.

ನೋವಿನ ವಿಷಯವನ್ನು ಬಾನುಲಿಯಲ್ಲಿ ಹೇಳಲು ಸಂಕೋಚಪಡಬೇಕಾಗಿಲ್ಲವೆಂದು ಭಾವಿಸುತ್ತೇನೆ. ಮೊದಲ ವಾರ ನನ್ನ ತೊಟ್ಟುಗಳು ಬಿರಿದು ರಕ್ತ ಜಿನುಗಿತ್ತು, ಮಗಳು ಬಾಯಿ ಹಾಕುವ ಕ್ಷಣಕ್ಕೆ ನಾನು ಕಾಲ್ಬೆರಳುಗಳನ್ನು ಮುದುಡಿಕೊಳ್ಳುತ್ತಿದ್ದೆ. ಮಗು ಬರೀ ತೊಟ್ಟನ್ನಷ್ಟೇ ಕಚ್ಚಿಕೊಂಡಿದ್ದುದು ಅದಕ್ಕೆ ಕಾರಣ. ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಹೋಗುವಂತೆ, ಮಗುವಿನ ಗದ್ದ ಎದೆಗೆ ಒತ್ತುವಂತೆ ಹಿಡಿದ ಮೇಲೆ ನೋವು ಇಳಿಯಿತು. ಹಾಲು ಕಟ್ಟಿ ಎದೆ ಕಲ್ಲಾದಾಗ ಅಮ್ಮ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಾಕಿ, ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ, ಆಮೇಲೆ ಮಗುವನ್ನು ಕೊಡುತ್ತಿದ್ದಳು. ಗಟ್ಟಿ ಎದೆಯನ್ನು ಮಗುವಿಗೆ ಹಿಡಿಯಲಾಗದು ಎಂಬ ತಿಳಿವಳಿಕೆ ಅವಳಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಹಿಂಡಿದ ಹಾಲನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಅವಳು ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕಿಬರುತ್ತಿದ್ದಳು. ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಂತ್ಯದ ಗಂಜಿ ಇವುಗಳಿಂದ ಹಾಲು ಹೆಚ್ಚಿತೇ ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಹೊತ್ತು ಹೊತ್ತಿಗೆ ಬಿಸಿ ಊಟ ಸಿಕ್ಕಿತು, ಮನೆಗೆಲಸದ ಚಿಂತೆ ಇರಲಿಲ್ಲ, ಮಗುವನ್ನು ಎದೆಗೆ ಹಾಕಿಕೊಂಡು ಕೂರುವುದೊಂದೇ ನನ್ನ ಕೆಲಸವಾಗಿತ್ತು ಎಂಬುದು ಮಾತ್ರ ನಿಜ. ಬಾಯಾರಿಕೆಯಿಂದ ಒದ್ದಾಡಿದರೂ ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿಯನ್ನು ಮಾತ್ರ ನಾನು ಒಪ್ಪಲಿಲ್ಲ, ಅಮ್ಮನೂ ಹಟ ಮಾಡಲಿಲ್ಲ.

ಹಾಗಾದರೆ ಹಾಲು ಸಾಲುತ್ತದೆಯೇ ಎಂಬುದನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ನನಗೆ ನೇರ ಉತ್ತರ ಕೊಟ್ಟವರು ಊರಿನ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ಕೊಡಬೇಕೆಂಬ ನಿಯಮವಿದೆ. ಮಗು ಎಷ್ಟು ಅತ್ತಿತೆಂದು ಅವರು ಕೇಳಲೇ ಇಲ್ಲ. ಎಷ್ಟು ಲಂಗೋಟಿ ಒದ್ದೆಯಾದವು ಎಂದು ಕೇಳಿದರು. ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ತಿಳಿಬಣ್ಣದ ಮೂತ್ರವಾಗುತ್ತಿದ್ದರೆ ಹಾಲು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಆಮೇಲೆ ಚೀಲದಿಂದ ತೂಗುಕೊಕ್ಕೆಯ ತಕ್ಕಡಿ ತೆಗೆದು, ಬಟ್ಟೆಯ ಜೋಳಿಗೆಯಲ್ಲಿ ಮಗುವನ್ನಿಟ್ಟು ಎತ್ತಿ ಹಿಡಿದರು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಶೇಕಡ 7ರಿಂದ 10ರವರೆಗೆ ಇಳಿಯುವುದು ಸಹಜ. ಸುಮಾರು ಎರಡು ವಾರಗಳಲ್ಲಿ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು, ಅಲ್ಲಿಂದ ಮುಂದೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸರಾಸರಿ 25ರಿಂದ 30 ಗ್ರಾಂ ಏರಬೇಕು. ನವಜಾತ ಶಿಶು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕೇಳುವುದೂ, ಸಂಜೆಯ ಹೊತ್ತಿನಲ್ಲಿ ಬಿಡದೆ ಕೇಳುವುದೂ ಅದರ ಸ್ವಭಾವ. ತಾಯಿ ಕಾರ್ಡಿನ ಬೆಳವಣಿಗೆಯ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ನೆರೆಯವರ ಅನುಕಂಪಕ್ಕೆ ಕಿವಿಗೊಡಬೇಕಾಗಿಲ್ಲ.

ಇನ್ನು ಕಚೇರಿಯ ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ ಆದ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಸಿಗುತ್ತದೆ. ಆರು ತಿಂಗಳ ಎದೆಹಾಲಿಗೂ ಈ ಲೆಕ್ಕಕ್ಕೂ ಸರಿಹೊಂದುವಂತೆ ಕಾಣುತ್ತದೆಯಲ್ಲವೇ? ಆದರೆ ಹೆರಿಗೆಗೆ ಮುಂಚೆಯೇ ಅದರಲ್ಲಿ 8 ವಾರಗಳವರೆಗೆ ತೆಗೆದುಕೊಳ್ಳಬಹುದು, ಕಾಲು ಊದಿ ಕುರ್ಚಿಯಲ್ಲಿ ಕೂರಲಾಗದವರು ತೆಗೆದುಕೊಳ್ಳಲೇಬೇಕಾಗುತ್ತದೆ. ನನಗೂ ಹಾಗೆಯೇ ಆಗಿ, ಮಗಳಿಗೆ ಐದು ತಿಂಗಳು ತುಂಬುವ ಮೊದಲೇ ನಾನು ಲೆಕ್ಕಪತ್ರ ವಿಭಾಗದ ನನ್ನ ಮೇಜಿಗೆ ಮರಳಿದೆ. ಬ್ರೆಸ್ಟ್ ಪಂಪ್ ಅಗತ್ಯವಾದದ್ದು ಆಗಲೇ.

ಈ ಯಂತ್ರದ ಚರಿತ್ರೆ ಸ್ವಾರಸ್ಯವಾಗಿದೆ. ಚದುರಂಗದ ಆಟಗಾರನೆಂದು ಹೆಸರಾಗಿದ್ದ ಎಂಜಿನಿಯರ್ ಎಡ್ವರ್ಡ್ ಲಾಸ್ಕರ್ 1920ರ ದಶಕದಲ್ಲಿ ಅಮೆರಿಕದಲ್ಲಿ ಇಂಥದೊಂದು ಪಂಪನ್ನು ರೂಪಿಸಿದ. ಆಮೇಲೆ ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ಅದರ ಎಳೆತವನ್ನು ತಾಯಂದಿರು ಸಹಿಸಬಹುದಾದ ಮಟ್ಟಕ್ಕೆ ತಂದ. ಬಹುಕಾಲ ಆಸ್ಪತ್ರೆಗಳಲ್ಲೇ ಇದ್ದ ಆ ಯಂತ್ರ ಕೈಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಮನೆಗಳಿಗೆ ಬಂದದ್ದು ತೀರ ಈಚೆಗೆ. ಮೊದಲು ಬೇಗ ಬೇಗ ಹಗುರವಾಗಿ ಎಳೆದು, ಹಾಲು ಇಳಿದ ಮೇಲೆ ನಿಧಾನವಾಗಿ ದೀರ್ಘವಾಗಿ ಎಳೆಯುವಂತೆ ಅದನ್ನು ರೂಪಿಸಿರುತ್ತಾರೆ. ಮಗು ಮಾಡುವುದೂ ಅದನ್ನೇ. ಎದೆಗೆ ಹಚ್ಚುವ ಫ್ಲ್ಯಾಂಜ್ ಎಂಬ ಬಟ್ಟಲು ಅವರವರ ಅಳತೆಯದಾಗಿರಬೇಕೆಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಯಂತ್ರದ ಜೊತೆಗೆ ಬಂದ 24 ಮಿಲಿಮೀಟರಿನದು ನನಗೆ ದೊಡ್ಡದಾಗಿತ್ತು. ಚಿಕ್ಕದನ್ನು ತರಿಸಿಕೊಂಡ ಮೇಲೆ ನೋವೂ ತಗ್ಗಿತು, ಹಾಲೂ ಚೆನ್ನಾಗಿ ಬಂತು.

ಕಚೇರಿಯಲ್ಲಿ ನನಗೆ ದೊರೆತದ್ದು ಹಳೆಯ ಕಡತಗಳೂ ಯುಪಿಎಸ್ ಬ್ಯಾಟರಿಗಳೂ ಇದ್ದ ಕೋಣೆ. ಅದಕ್ಕೆ ಮೊದಲು ಶೌಚಾಲಯವನ್ನು ಸೂಚಿಸಿದ್ದರು, ಕೂಸಿನ ಊಟವನ್ನು ಅಲ್ಲಿ ತಯಾರಿಸಲಾರೆ ಎಂದಿದ್ದೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಬೆನ್ನನ್ನು ಬಾಗಿಲಿಗೆ ಒತ್ತಿ ಕುಳಿತು, ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ದುಪ್ಪಟ್ಟಾ ಸರಿಪಡಿಸಿಕೊಳ್ಳುತ್ತ ಬಾಟಲಿ ನೋಡುತ್ತಿದ್ದರೆ ಹಾಲು 30 ಮಿಲಿಲೀಟರಿನ ಗೆರೆಯಲ್ಲಿಯೇ ನಿಂತಿರುತ್ತಿತ್ತು. ಮನೆಯಲ್ಲಿ ಬೆಳಗಿನ ಜಾವ ಅದೇ ಯಂತ್ರ ಅದರ ಮೂರುಪಟ್ಟು ತುಂಬುತ್ತಿತ್ತು. ಅಳುಕು, ಗಾಬರಿ, ನಾಚಿಕೆ ಇವು ಆಕ್ಸಿಟೋಸಿನ್‌ಗೆ ಅಡ್ಡ ಬರುತ್ತವೆ; ಎದೆಯಲ್ಲಿ ಹಾಲಿದ್ದರೂ ಇಳಿಯುವುದಿಲ್ಲ. ಅದಲ್ಲದೆ ಚೆನ್ನಾಗಿ ಚೀಪುವ ಮಗುವಿನಷ್ಟು ಹಾಲನ್ನು ಯಂತ್ರ ತೆಗೆಯಲಾರದು, ಮಧ್ಯಾಹ್ನದ ಹಾಲು ಬೆಳಗಿನದಕ್ಕಿಂತ ಸಹಜವಾಗಿಯೇ ಕಡಿಮೆ. ಬಾಟಲಿಯಲ್ಲಿ ಕಂಡದ್ದು ಆ ಕೋಣೆಯಲ್ಲಿ ಆ ಹೊತ್ತಿಗೆ ಆ ಯಂತ್ರಕ್ಕೆ ಸಿಕ್ಕಿದ್ದು ಮಾತ್ರ. ಮಗಳ ಮಲಗಿದ ಮುಖವನ್ನು ಫೋನಿನಲ್ಲಿ ನೋಡುತ್ತ, ಬಾಟಲಿಗೆ ಕಾಲುಚೀಲ ತೊಡಿಸಿ ಗೆರೆ ಕಾಣದಂತೆ ಮಾಡಿದ್ದು ನನಗೆ ಫಲ ಕೊಟ್ಟಿತು. ನಗುವವರು ನಗಲಿ. ಇನ್ನೂ ಹೆಚ್ಚು ಫಲ ಕೊಟ್ಟದ್ದು ಕಚೇರಿಯ ಬಡಗಿ ಹಾಕಿಕೊಟ್ಟ ಚಿಲಕ.

ಒಂದು ತಿಂಗಳಿನಿಂದ ಆರು ತಿಂಗಳವರೆಗೆ ಮಗು ಕುಡಿಯುವ ಎದೆಹಾಲು ದಿನಕ್ಕೆ ಸರಾಸರಿ ಮುಕ್ಕಾಲು ಲೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ, ವಯಸ್ಸಿನೊಂದಿಗೆ ಬಹಳ ಏರುವುದಿಲ್ಲ. ಇದು ಗೊತ್ತಾದ ಮೇಲೆ ಮನೆಯಲ್ಲಿ ಫ್ರೀಜರ್ ತುಂಬಿಸುವ ಹಂಬಲ ನನಗೆ ಉಳಿಯಲಿಲ್ಲ. ಇಂದು ಹಿಂಡಿದ್ದು ನಾಳೆಗೆ ಸಾಕು. ಹಿಂಡಿದ ಹಾಲು 25 ಡಿಗ್ರಿಯ ಒಳಗಿನ ತಂಪಿನಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ, ಬೇಸಿಗೆಯಲ್ಲಿ ಮಂಜಿನ ಪೊಟ್ಟಣಗಳಿರುವ ಚೀಲ ಬೇಕೇ ಬೇಕು. ಕೆನೆ ಮೇಲೆ ನಿಂತು ಕೆಳಗೆ ನೀರಿನಂತೆ ಕಂಡದ್ದನ್ನು ನೋಡಿ ಅತ್ತೆಯವರು ಒಡೆದಿದೆಯೆಂದು ಮೊದಲು ಭಯಪಟ್ಟರು. ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ಮೈಕ್ರೊವೇವ್ ಬೇಡ. ನಿಪ್ಪಲ್ ಬಾಟಲಿಯನ್ನು ನನ್ನ ಮಗಳು ತಳ್ಳಿಬಿಟ್ಟಳು. ಅತ್ತೆಯವರು ಅಟ್ಟದಿಂದ ನನ್ನ ಗಂಡನ ಕಾಲದ ಬೆಳ್ಳಿಯ ಒಳಲೆಯನ್ನು ತೆಗೆದು, ಕುದಿಸಿ, ಕೂಸನ್ನು ತೊಡೆಯ ಮೇಲೆ ಅರ್ಧ ಎತ್ತಿ ಕೂರಿಸಿಕೊಂಡು, ತುಟಿಯಂಚಿಗೆ ಒಳಲೆಯ ಮೂತಿ ತಾಗಿಸಿ ಅವಳು ನುಂಗಿದಷ್ಟೇ ಬಗ್ಗಿಸತೊಡಗಿದರು. ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ ಇಂದಿಗೂ ಚೀಪಲಾರದ ಕೂಸುಗಳಿಗೆ ಹಾಲು ಕೊಡುವುದು ಇಂಥ ಸಾಧನದಿಂದಲೇ. ಎದೆಗೂ ಬಾಟಲಿಗೂ ನಡುವೆ ಮಗು ಗಲಿಬಿಲಿಗೊಳ್ಳುವ ತೊಂದರೆಯೂ ಇದರಲ್ಲಿಲ್ಲ.

ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿಯೇ ಬರೆಯಲಾಗಿತ್ತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂಬುದು 2017ರ ಸೇರ್ಪಡೆ. ಕೂಸು ಊರಿನ ಇನ್ನೊಂದು ತುದಿಯಲ್ಲಿದ್ದಾಗ ಆ ಎರಡು ಬಿಡುವುಗಳು ಹಿಂಡುವ ಬಿಡುವುಗಳಾಗಬೇಕಾಗುತ್ತದೆ, ಅದಕ್ಕೆ ಜಾಗ ಬೇಕು. ಕುರ್ಚಿ, ಚಿಲಕ, ಪ್ಲಗ್ಗು, ಕೈ ತೊಳೆಯುವ ನಲ್ಲಿ: ಯಾವ ಸಂಸ್ಥೆಗೂ ಇದು ಹೊರೆಯಲ್ಲ. ಹಾಗೆಂದು ನನ್ನ ಕಷ್ಟವನ್ನು ದೊಡ್ಡದು ಮಾಡಿ ಹೇಳಲೂ ನನಗೆ ಮನಸ್ಸಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಹೆರಿಗೆಯಾದ ಎರಡನೆಯ ತಿಂಗಳಿನಲ್ಲಿಯೇ ಸೀರೆಯ ಸೆರಗು ಒದ್ದೆಯಾಗುತ್ತಿದ್ದರೂ ನಾಲ್ಕು ಮನೆ ಮುಗಿಸಿ ಓಡುತ್ತಿದ್ದವಳು. ಅವಳಿಗೆ ರಜೆಯೂ ಇಲ್ಲ, ಬಿಡುವಿನ ಕಾನೂನೂ ಇಲ್ಲ.

ಕೊನೆಯದಾಗಿ, ಹಾಲು ನಿಜವಾಗಿಯೂ ಸಾಲದಿರುವ ತಾಯಂದಿರೂ ಇದ್ದಾರೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವ, ಎದೆಯ ಹಳೆಯ ಶಸ್ತ್ರಚಿಕಿತ್ಸೆ ಇವುಗಳಿಂದ ಹಾಗಾಗಬಹುದು. ಮಗುವಿನ ತೂಕ ಏರದಿದ್ದರೆ, ಲಂಗೋಟಿಗಳು ಒಣಗಿಯೇ ಇದ್ದರೆ, ಮಗು ಹಾಲಿಗೂ ಏಳದಷ್ಟು ಮಂಕಾಗಿದ್ದರೆ ಅದೇ ದಿನ ಮಕ್ಕಳ ವೈದ್ಯರನ್ನು ಕಾಣಬೇಕು. ತಾಯಿಗೆ ಎದೆ ಕೆಂಪಾಗಿ ಚಳಿಜ್ವರ ಬಂದರೂ ಅಷ್ಟೇ. ಅಂಥ ಸ್ಥಿತಿಯಲ್ಲಿ ಬಹುಮಟ್ಟಿಗೆ ಹಾಲು ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ವೈದ್ಯರು ಪುಡಿ ಹಾಲು ಬರೆದುಕೊಟ್ಟರೆ ಅದನ್ನು ತಲೆತಗ್ಗಿಸದೆ ಕೊಡಿ. ಅದರ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿದೆಯೇ ಹೊರತು ಬಳಸುವ ತಾಯಿಯನ್ನು ಯಾರೂ ನಿಷೇಧಿಸಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗಾಗಿ ಎದೆಹಾಲಿನ ಬ್ಯಾಂಕುಗಳಿವೆ. ಏಷ್ಯಾದಲ್ಲಿ ಮೊದಲನೆಯದು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ ಆರಂಭವಾಯಿತು, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಸರ್ಕಾರಿ ಬ್ಯಾಂಕ್ ಇದೆ. ತಮ್ಮ ಮಗುವಿಗೆ ಸಾಕಾಗಿ ಮಿಕ್ಕ ಹಾಲಿರುವ ಆರೋಗ್ಯವಂತ ತಾಯಂದಿರು ರಕ್ತಪರೀಕ್ಷೆ ಮಾಡಿಸಿಕೊಂಡು ಅದನ್ನು ಅಲ್ಲಿ ಕೊಡಬಹುದು; 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮೇಲೆ ಅದು ತೂಕ ಕಡಿಮೆಯಿರುವ ಕೂಸುಗಳಿಗೆ ಹೋಗುತ್ತದೆ. ನಮಸ್ಕಾರ.