ಹಾಟ್ ಟಬ್ ಕೆಡಿಸುವುದು ನೀರು, ವಾರಂಟಿ ನೀರಿಗಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಹಾಟ್ ಟಬ್, ಅಂದರೆ ನಾಲ್ಕೈದು ಜನ ಒಟ್ಟಿಗೆ ಕೂರುವ ಬಿಸಿನೀರಿನ ತೊಟ್ಟಿ, ಕೊಳ್ಳಲು ಹೋದವರದ್ದೆಲ್ಲ ಹೆಚ್ಚುಕಡಿಮೆ ಒಂದೇ ಕಥೆ. ಮಾದರಿ ಆರಿಸಿ ಆಯಿತು, ಬಣ್ಣ ಒಪ್ಪಿ ಆಯಿತು, ಎಷ್ಟು ಜನ ಕೂರಬೇಕು ಅಂತ ಮನೆಯವರೆಲ್ಲ ಚರ್ಚೆ ಮಾಡಿ ಆಯಿತು. ಇನ್ನೇನು ದುಡ್ಡು ಕಟ್ಟಬೇಕು ಅನ್ನುವಾಗ ಮಾರುವವರು ಇನ್ನೊಂದು ಕಾಗದ ಮುಂದಿಡುತ್ತಾರೆ. ‘ಇದೊಂದು ಸೇರಿಸಿಬಿಡಿ, ಐದು ವರ್ಷ ನಿಮಗೆ ಯೋಚನೆಯೇ ಇಲ್ಲ’ ಅನ್ನುತ್ತಾರೆ. ಅದೇ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ಕಂಪನಿಯ ಮಾಮೂಲು ವಾರಂಟಿಯ ಮೇಲೆ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ವಾರಂಟಿ. ಅಷ್ಟು ದೊಡ್ಡ ಮೊತ್ತಕ್ಕೆ ಹೂಂ ಅಂದ ಮೇಲೆ ಇದು ಚಿಲ್ಲರೆ ಅನಿಸುತ್ತದೆ. ಸಹಿ ಬೀಳುತ್ತದೆ.

ನಾನು ಟಬ್ ರಿಪೇರಿ ಮಾಡುವವನು. ಪಕ್ಕದ ಹಲಗೆ ಬಿಚ್ಚಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಪೈಪುಗಳ ನಡುವೆ ಮಲಗಿ ಕೆಲಸ ಮಾಡುವವನು. ಮಾರುವುದು ನನ್ನ ಕೆಲಸವಲ್ಲ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಡ. ಯಾಕೆ ಅಂದರೆ, ಟಬ್ಬನ್ನು ಕೆಡಿಸುವುದು ನೀರು. ನೀರು ಕೆಡಿಸಿದ್ದಕ್ಕೆ ವಾರಂಟಿ ಇಲ್ಲ. ಈ ಮಾತನ್ನು ಇವತ್ತು ಇನ್ನೂ ಕೆಲವು ಸಲ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

1968ರಲ್ಲಿ ರಾಯ್ ಜಕೂಝಿ ಅನ್ನುವವರು ಟಬ್ಬಿನ ಗೋಡೆಯಲ್ಲೇ ನೀರು ಚಿಮ್ಮುವ ಜೆಟ್ ಕೂರಿಸಿ ಮಾರಾಟಕ್ಕೆ ತಂದರು. ಅದರಲ್ಲಿ ಸ್ನಾನ ಮುಗಿದರೆ ನೀರು ಹೊರಗೆ ಬಿಟ್ಟರಾಯಿತು. ಆಮೇಲೆ ಹೀಟರ್ ಬಂತು, ಫಿಲ್ಟರ್ ಬಂತು. ಒಂದೇ ನೀರು ತಿಂಗಳುಗಟ್ಟಲೆ ಟಬ್ಬಿನಲ್ಲೇ ಉಳಿಯತೊಡಗಿತು. ನನ್ನಂಥವರಿಗೆ ಕೆಲಸ ಹುಟ್ಟಿದ್ದೇ ಅಲ್ಲಿಂದ.

ಸುಮ್ನೆ ಯೋಚನೆ ಮಾಡಿ. ಸಾವಿರ, ಒಂದೂವರೆ ಸಾವಿರ ಲೀಟರ್ ನೀರು. ಹೆಚ್ಚೆಂದರೆ 40 ಡಿಗ್ರಿ ಸೆಲ್ಸಿಯಸ್ ಬಿಸಿ. ನಾಲ್ಕೈದು ಜನ ಇಳಿಯುತ್ತಾರೆ. ಬೆವರು, ಮೈಗೆ ಹಚ್ಚಿದ ಕ್ರೀಮು, ಬಟ್ಟೆಯಲ್ಲಿ ಉಳಿದ ಸೋಪು, ಎಲ್ಲ ಅದರೊಳಗೇ. ಈಜುಕೊಳದಲ್ಲಾದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ನೀರೇ ಕಡಿಮೆ, ಜೊತೆಗೆ ಬಿಸಿ ಬೇರೆ. ಇದೇ ನೀರು ಮೂರು ನಾಲ್ಕು ತಿಂಗಳು ಪಂಪಿನೊಳಗೆ, ಹೀಟರಿನೊಳಗೆ ಸುತ್ತುತ್ತಲೇ ಇರುತ್ತದೆ. ನೀರಿನ ಪಿಎಚ್, ಅಂದರೆ ಅದು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ, 7.2ರಿಂದ 7.8ರೊಳಗೆ ಇದ್ದರೆ ಎಲ್ಲ ಸುಖ. ಅದಕ್ಕಿಂತ ಕೆಳಗಿಳಿದರೆ ನೀರು ಆಮ್ಲದ ಕಡೆ ವಾಲುತ್ತದೆ, ಲೋಹ ತಿನ್ನುತ್ತದೆ, ಪಂಪಿನ ಸೀಲ್ ತಿನ್ನುತ್ತದೆ. ಮೇಲೆ ಹೋದರೆ ಬಿಳಿ ಸುಣ್ಣ ಕಟ್ಟುತ್ತದೆ. ಹೀಟರಿಗೆ ಸುಣ್ಣ ಕಟ್ಟಿತು ಅಂದರೆ ಬಿಸಿ ನೀರಿಗೆ ಹೋಗುವುದಿಲ್ಲ, ಒಳಗೇ ಉಳಿದು ಅದನ್ನೇ ಸುಡುತ್ತದೆ. ಗೊತ್ತಾಯಿತಲ್ವಾ? ಎರಡೂ ಕಡೆಯಿಂದ ಏಟು ಬೀಳುವುದು ಹೀಟರಿಗೆ. ಏಟು ಕೊಡುವುದು ನೀರು.

ಈಗ ಕಂಪನಿ ಕೊಡುವ ಮಾಮೂಲು ವಾರಂಟಿ ನೋಡಿ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ‘ಹತ್ತು ವರ್ಷ’ ಅಂತ ಇರುತ್ತದೆ. ಆ ಹತ್ತು ವರ್ಷ ಯಾವುದಕ್ಕೆ? ಸಾಮಾನ್ಯವಾಗಿ ಶೆಲ್ಲಿಗೆ, ಅಂದರೆ ನೀವು ಕೂರುವ ಆ ಅಕ್ರಿಲಿಕ್ ತೊಟ್ಟಿಗೆ. ಅದು ಬಿರುಕು ಬಿಟ್ಟು ಸೋರುವುದು ಅಪರೂಪ. ಪಂಪು, ಹೀಟರ್, ಸರ್ಕ್ಯೂಟ್ ಬೋರ್ಡಿಗೆ ವರ್ಷಗಳು ಕಡಿಮೆ. ಮೇಲಿನ ಮುಚ್ಚಳಕ್ಕೆ ಇನ್ನೂ ಕಡಿಮೆ. ಫಿಲ್ಟರಿಗೂ ತಲೆದಿಂಬಿಗೂ ಏನೂ ಇಲ್ಲ ಅಂದರೂ ನಡೆಯುತ್ತದೆ. ಯಾವುದು ಕೆಡುವುದೇ ಇಲ್ಲವೋ ಅದಕ್ಕೆ ಉದ್ದದ ವಾರಂಟಿ. ಒಳ್ಳೆಯ ವ್ಯಾಪಾರ!

ಯಂತ್ರಗಳು ಯಾವಾಗ ಕೆಡುತ್ತವೆ ಅನ್ನುವುದಕ್ಕೆ ಎಂಜಿನಿಯರುಗಳು ಒಂದು ಗೆರೆ ಬರೆಯುತ್ತಾರೆ. ಅದರ ಹೆಸರೇ ‘ಬಾತ್‌ಟಬ್ ಕರ್ವ್’. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಅದೇ ಹೆಸರು. ಎಡಗಡೆ ಎತ್ತರದ ಗೋಡೆ, ನಡುವೆ ಸಪಾಟು ತಳ, ಬಲಗಡೆ ಮತ್ತೆ ಎತ್ತರದ ಗೋಡೆ. ಎಡಗಡೆಯದು ಹೊಸತರಲ್ಲಿ ಬರುವ ತಾಪತ್ರಯ. ಕಾರ್ಖಾನೆಯಲ್ಲಿ ಸರಿಯಾಗಿ ಕೂರದ ಸೀಲು, ಕೆಟ್ಟ ಬೋರ್ಡು, ಸಡಿಲ ಜೋಡಣೆ. ಇದು ಮೊದಲ ಕೆಲವು ತಿಂಗಳಲ್ಲೇ ಹೊರಬೀಳುತ್ತದೆ. ಕಂಪನಿಯ ಮಾಮೂಲು ವಾರಂಟಿಯಲ್ಲೇ ಸರಿಹೋಗುತ್ತದೆ. ಬಲಗಡೆಯದು ವಯಸ್ಸಾಗಿ ಸವೆಯುವುದು. ನಡುವಿನ ವರ್ಷಗಳಲ್ಲಿ, ನೀರು ಸರಿ ಇದ್ದರೆ, ಹೆಚ್ಚೇನೂ ಆಗುವುದಿಲ್ಲ. ಹೆಚ್ಚುವರಿ ವಾರಂಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಹೇಳಿ? ಬಹಳ ಸಲ ಆ ಸಪಾಟು ತಳದಲ್ಲೇ ಶುರು, ಅಲ್ಲೇ ಮುಕ್ತಾಯ. ಸವೆತದ ಗೋಡೆ ಹತ್ತುವ ಹೊತ್ತಿಗೆ ಪತ್ರದ ಅವಧಿ ತೀರಿರುತ್ತದೆ. ತೀರದೇ ಇದ್ದರೆ ‘ಸಹಜ ಸವೆತ ಸೇರುವುದಿಲ್ಲ’ ಅಂತ ಒಂದು ಸಾಲು ಇದ್ದೇ ಇರುತ್ತದೆ.

ನಡುವಿನ ವರ್ಷಗಳಲ್ಲಿ ಕೆಟ್ಟರೆ ಯಾಕೆ ಕೆಡುತ್ತದೆ? ನೀರಿನಿಂದ. ನೀರು ಕೆಡಿಸಿದ್ದಕ್ಕೆ ವಾರಂಟಿ ಇಲ್ಲ.

ಇಲ್ಲಿ ನಾನು ಒಬ್ಬ ಗಿರಾಕಿಯ ವಿಷಯ ಹೇಳಲೇಬೇಕು. ನಿವೃತ್ತರು, ಬಹಳ ಶಿಸ್ತಿನ ಮನುಷ್ಯ. ಟಬ್ಬಿಗೆ ಅಂತಲೇ ಒಂದು ಫೈಲ್ ಇಟ್ಟಿದ್ದರು. ಬಿಲ್ಲು, ವಾರಂಟಿ ಕಾರ್ಡು, ಹೆಚ್ಚುವರಿ ವಾರಂಟಿಯ ಪತ್ರ, ಒಂದೊಂದೂ ಪ್ಲಾಸ್ಟಿಕ್ ಹಾಳೆಯೊಳಗೆ. ಒಂದು ಸಂಜೆ ಅವರ ಟಬ್ಬಿನ ಕರೆಂಟ್ ಕಡಿಯುವ ಬ್ರೇಕರ್ ಬಿತ್ತು. ಎತ್ತಿದರು. ಪಂಪು ಓಡಿತು, ನೀರು ಸುತ್ತಿತು, ಹೀಟರ್ ಶುರುವಾದ ತಕ್ಷಣ ಮತ್ತೆ ಬಿತ್ತು. ಅವರಿಗೆ ಗಾಬರಿಯೇ ಆಗಲಿಲ್ಲ. ಫೈಲ್ ಇದೆಯಲ್ಲ! ವಾರಂಟಿ ಕೊಟ್ಟವರಿಗೆ ಫೋನ್ ಮಾಡಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ದೂರಿನ ಸಂಖ್ಯೆ ಕೊಟ್ಟರು. ಅದನ್ನೂ ಬರೆದು ಫೈಲಿಗೆ ಸೇರಿಸಿದರು.

ಆ ಕಡೆಯ ಮೆಕ್ಯಾನಿಕ್ ಬಂದ. ಹೀಟರ್ ಬಿಚ್ಚಿದ. ಫೋಟೋ ತೆಗೆದ. ಟಬ್ಬಿನ ನೀರನ್ನು ಒಂದು ಸಣ್ಣ ಶೀಶೆಗೆ ತುಂಬಿಕೊಂಡ. ಇವರು ಏನಾಗಿದೆ ಅಂತ ಕೇಳಿದರೆ ‘ರಿಪೋರ್ಟ್ ಬರುತ್ತೆ ಸರ್’ ಅಂದ, ಹೊರಟ. ಫೋಟೋ ತೆಗೆದು ನೀರು ತುಂಬಿಕೊಂಡು ಹೋದರೆ ಅರ್ಥ ಏನು ಅಂತ ನಮ್ಮ ಕಸುಬಿನವರಿಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ ಪಾಪ. ಕಾದರು. ಬಂದದ್ದು ಎರಡು ಸಾಲಿನ ಪತ್ರ. ‘ನೀರಿನ ರಾಸಾಯನಿಕ ಅಸಮತೋಲನದಿಂದ ಆದ ಹಾನಿ ಈ ಯೋಜನೆಯಲ್ಲಿ ಸೇರುವುದಿಲ್ಲ.’ ಅಷ್ಟೇ. ಕೈ ತೊಳೆದುಕೊಂಡರು.

ಆಗ ನನ್ನನ್ನು ಕರೆದರು. ರಿಪೇರಿಗಲ್ಲ, ಸಾಕ್ಷಿ ಹೇಳಲು! ಕಂಪನಿಯವರದು ಮೋಸ ಅಂತ ನಾನು ಬರೆದುಕೊಡಬೇಕಂತೆ. ಹೋದೆ. ಹೀಟರನ್ನು ಹಳೆ ಪತ್ರಿಕೆಯ ಮೇಲೆ ಇಟ್ಟಿದ್ದರು. ಒಳಗಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಸದಿದ್ದಾಗ ಅದು ನುಣ್ಣಗೆ ಇರುತ್ತದೆ. ಇದರ ಮೈ ತುಂಬ ಸಣ್ಣ ಸಣ್ಣ ಕುಳಿ. ಉಗುರಿನಿಂದ ಸವರಿದರೆ ತಗಲುತ್ತಿತ್ತು. ಒಂದು ಕಡೆ ಕುಳಿ ಪೂರ್ತಿ ಒಳಗೇ ಹೋಗಿ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ನೀರು ಒಳಗಿನ ಕರೆಂಟಿಗೆ ತಗಲುತ್ತಿತ್ತು, ಬ್ರೇಕರ್ ಬೀಳುತ್ತಿತ್ತು. ಬ್ರೇಕರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದು ಬೀಳದೇ ಇದ್ದಿದ್ದರೆ ಮಾತು ಬೇರೆಯೇ ಆಗುತ್ತಿತ್ತು.

‘ಕ್ಲೋರಿನ್ ಏನು ಹಾಕ್ತೀರಿ?’ ಅಂತ ಕೇಳಿದೆ. ನೀರಿನ ಮೇಲೆ ತೇಲುವ ಒಂದು ಡಬ್ಬಿ ತೋರಿಸಿದರು. ಒಳಗೆ ಟ್ರೈಕ್ಲೋರ್ ಅನ್ನುವ ಕ್ಲೋರಿನ್ ಬಿಲ್ಲೆ. ಸ್ವಾಮಿ, ಅದು ಈಜುಕೊಳದ ಬಿಲ್ಲೆ! ಅದು ಕಡು ಆಮ್ಲ. ಬಿಸಿ ನೀರಲ್ಲಿ ಬೇಗ ಕರಗುತ್ತದೆ, ಪಿಎಚ್ ಕೆಳಗೆ ಎಳೆಯುತ್ತಲೇ ಇರುತ್ತದೆ. ಹಾಟ್ ಟಬ್ಬಿಗೆ ಇದನ್ನು ಹಾಕಬೇಡಿ ಅಂತ ಎಷ್ಟೋ ತಯಾರಕರು ಕೈಪಿಡಿಯಲ್ಲೇ ಬರೆದಿರುತ್ತಾರೆ. ಹಾಕಿದರೆ ವಾರಂಟಿ ರದ್ದು ಅಂತಲೂ ಬರೆದಿರುತ್ತಾರೆ. ಡಬ್ಬಿ ಯಾವಾಗಲೂ ಒಂದೇ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಆ ಮೂಲೆಯ ಅಕ್ರಿಲಿಕ್ ಹೊಳಪು ಕಳೆದುಕೊಂಡು ಮಂಕಾಗಿತ್ತು. ಅವರು ಅದನ್ನು ಕೊಳೆ ಅಂದುಕೊಂಡು ಉಜ್ಜುತ್ತಿದ್ದರಂತೆ.

‘ನಾನು ದಿನಾ ಪಟ್ಟಿ ಅದ್ದಿ ಪರೀಕ್ಷೆ ಮಾಡ್ತೀನಿ’ ಅಂದರು. ನೀರಲ್ಲಿ ಅದ್ದಿದರೆ ಚೌಕಗಳ ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿ ಅದು. ಮಾಡಿ ತೋರಿಸಿ ಅಂದೆ. ಪಟ್ಟಿ ಅದ್ದಿದರು, ಕ್ಲೋರಿನ್ ಚೌಕ ನೋಡಿದರು, ತಲೆದೂಗಿದರು, ಬುಟ್ಟಿಗೆ ಹಾಕಿದರು. ಬುಟ್ಟಿಯಿಂದ ಎತ್ತಿ ತೋರಿಸಿದೆ. ಅದೇ ಪಟ್ಟಿಯಲ್ಲಿ, ಕ್ಲೋರಿನ್ ಚೌಕದ ಪಕ್ಕದಲ್ಲೇ ಪಿಎಚ್ ಚೌಕ. ಹಳದಿ ತಿರುಗಿತ್ತು, ಅಂದರೆ ಪಿಎಚ್ ಕೆಳಗಿಳಿದಿತ್ತು. ದಿನಾ ಅದ್ದಿದ ಮನುಷ್ಯ ಆ ಚೌಕವನ್ನು ಒಂದು ದಿನವೂ ನೋಡಿಲ್ಲ.

ಆಮೇಲೆ ಫೈಲ್ ತೆಗೆಸಿದೆ. ಹೆಚ್ಚುವರಿ ವಾರಂಟಿಯ ಪತ್ರ ಎರಡು ಹಾಳೆ. ಮೊದಲ ಹಾಳೆಯಲ್ಲಿ ಏನೇನು ಸೇರುತ್ತದೆ ಅನ್ನುವ ಪಟ್ಟಿ. ಎರಡನೆಯದರಲ್ಲಿ ಏನೇನು ಸೇರುವುದಿಲ್ಲ ಅನ್ನುವ ಪಟ್ಟಿ, ಅದು ಮೊದಲನೆಯದಕ್ಕಿಂತ ಉದ್ದ. ಎರಡನ್ನೂ ಒಂದರ ಹಿಂದೆ ಒಂದು ಇಟ್ಟು ಒಂದೇ ಪ್ಲಾಸ್ಟಿಕ್ಕಿನಲ್ಲಿ ಹಾಕಿದ್ದರು. ಸೇರದ ಪಟ್ಟಿಯ ಮುಖ ಮೊದಲ ಹಾಳೆಯ ಬೆನ್ನಿಗೆ ಅಂಟಿಕೊಂಡಿತ್ತು. ಗಟ್ಟಿಯಾಗಿ ಓದಿದೆ. ನೀರಿನ ರಾಸಾಯನಿಕ ದೋಷ, ಸುಣ್ಣ ಕಟ್ಟುವುದು, ತುಕ್ಕು, ನೀರು ಹೆಪ್ಪುಗಟ್ಟಿ ಪೈಪು ಒಡೆಯುವುದು, ಇಲಿ ವೈರ್ ಕಡಿಯುವುದು, ತಪ್ಪು ವೈರಿಂಗ್, ವೋಲ್ಟೇಜ್ ಏರುಪೇರು, ಮುಚ್ಚಳ, ಫಿಲ್ಟರ್, ದೀಪ, ಬಣ್ಣ ಮಾಸುವುದು. ‘ಹಾಗಾದರೆ ಇನ್ನೇನು ಉಳಿಯಿತು?’ ಅಂದರು ಅವರ ಹೆಂಡತಿ. ಸರಿಯಾದ ಪ್ರಶ್ನೆ. ಅದನ್ನು ಸಹಿ ಹಾಕುವ ದಿನ ಕೇಳಬೇಕಿತ್ತು.

ಹೊಸ ಹೀಟರ್ ಹಾಕಿದೆ. ಲೆಕ್ಕ ಹಾಕಿದರೆ, ವಾರಂಟಿಗೆ ಕಟ್ಟಿದ ದುಡ್ಡಿನಲ್ಲಿ ಹೀಟರೂ ಬರುತ್ತಿತ್ತು, ನನ್ನ ಕೂಲಿಯೂ ಬರುತ್ತಿತ್ತು, ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಆಮೇಲೆ ಅದೇ ಕಂಪನಿಯಿಂದ ಅವರಿಗೆ ಇನ್ನೊಂದು ಪತ್ರ ಬಂತು, ಯೋಜನೆಯನ್ನು ಇನ್ನೂ ಎರಡು ವರ್ಷ ಮುಂದುವರಿಸಿ ಅಂತ. ಅವರು ನನಗೆ ಓದಿ ಹೇಳಿ ನಕ್ಕರು. ನನಗೇನೋ ನಗು ಬರಲಿಲ್ಲ.

ಕೊಟ್ಟ ಸಮಯದಲ್ಲಿ ಮುಕ್ಕಾಲು ಪಾಲು ಈ ಹೀಟರೇ ತಿಂದುಬಿಟ್ಟಿತು. ಉಳಿದದ್ದು ಬೇಗ ಹೇಳುತ್ತೇನೆ.

ನೀವು ಕಟ್ಟುವ ದುಡ್ಡು ಪೂರ್ತಿ ರಿಪೇರಿಗೆ ಹೋಗುವುದಿಲ್ಲ. ಮಾರಿದವರ ಕಮಿಷನ್, ಆಫೀಸು, ಲಾಭ, ಎಲ್ಲ ಕಳೆದು ಉಳಿದದ್ದು ರಿಪೇರಿಗೆ. ಹಾಗಾಗಿ ಆ ಮೊತ್ತವನ್ನು ಬೇರೆ ಖಾತೆಯಲ್ಲಿ ನೀವೇ ಇಟ್ಟುಕೊಳ್ಳಿ. ಟಬ್ ಕೆಟ್ಟರೆ ಅದರಿಂದ ತೆಗೆಯಿರಿ. ಅದರಲ್ಲೇ ಒಂದು ಸಣ್ಣ ಪಾಲನ್ನು ಒಳ್ಳೆಯ ಪರೀಕ್ಷಾ ಪಟ್ಟಿಗೂ ಇನ್ನೊಂದು ಜೊತೆ ಫಿಲ್ಟರಿಗೂ ಖರ್ಚು ಮಾಡಿ. ಪಿಎಚ್ ಎಷ್ಟಿರಬೇಕು ಅಂತ ಆಗಲೇ ಹೇಳಿದೆ. ಆಲ್ಕಲಿನಿಟಿ, ಅಂದರೆ ಆಮ್ಲ ಬಿದ್ದರೂ ತಡೆದುಕೊಳ್ಳುವ ನೀರಿನ ಶಕ್ತಿ, 80ರಿಂದ 120 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಇರಲಿ, ಆಗ ಪಿಎಚ್ ಕುಣಿಯುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ನೀರು ಬದಲಿಸಿ. ಇದಕ್ಕಿಂತ ದೊಡ್ಡ ವಾರಂಟಿಯನ್ನು ಯಾರೂ ನಿಮಗೆ ಮಾರಲಾರರು.

ಯಾರು ಕೊಳ್ಳಬಹುದು? ಬೋರ್ಡು ಅಥವಾ ಪಂಪಿನ ಬಿಲ್ ಒಮ್ಮೆಗೇ ಬಂದರೆ ಮನೆಯ ಲೆಕ್ಕ ತಲೆಕೆಳಗಾಗುತ್ತದೆ ಅನ್ನುವವರು ಕೊಳ್ಳಲಿ. ಆದರೆ ಮೊದಲು ಬೋರ್ಡಿನ ಬೆಲೆ, ದೊಡ್ಡ ಪಂಪಿನ ಬೆಲೆ, ಕೂಲಿ ಸೇರಿಸಿ ಕೇಳಿ. ವಾರಂಟಿ ಅದಕ್ಕಿಂತ ದುಬಾರಿ ಆದರೆ ಅಲ್ಲೇ ಬಿಟ್ಟುಬನ್ನಿ. ಪತ್ರದಲ್ಲಿ ಕೂಲಿ ಸೇರಿದೆಯಾ, ಬಂದು ಹೋಗುವ ಖರ್ಚು ಸೇರಿದೆಯಾ, ಒಂದೊಂದು ದೂರಿಗೂ ನಿಮ್ಮ ಕೈಯಿಂದ ಎಷ್ಟು ಕೊಡಬೇಕು ನೋಡಿ. ಬಹಳ ಕಡೆ ಬಿಡಿಭಾಗ ಪುಕ್ಕಟೆ, ಕೂಲಿ ನಿಮ್ಮದೇ. ಪತ್ರದ ಹಿಂದೆ ಯಾರಿದ್ದಾರೆ ಕೇಳಿ. ಟಬ್ ತಯಾರಿಸಿದವರಾ, ಅಂಗಡಿಯವರಾ, ಮೂರನೆಯವರಾ? ಅಂಗಡಿ ಕೊಟ್ಟ ವಾರಂಟಿ ಅಂಗಡಿ ಮುಚ್ಚಿದ ದಿನ ಮುಗಿಯಿತು. ಟಬ್ಬನ್ನು ಬಾಡಿಗೆಗೆ ಬಿಡುವ ಮನೆಯಲ್ಲಿ ಇಡುತ್ತೀರಾದರೆ ಕೊಳ್ಳಲೇಬೇಡಿ. ವ್ಯಾಪಾರಕ್ಕೆ ಬಳಸಿದರೆ ಮನೆಬಳಕೆಯ ವಾರಂಟಿ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಇನ್ನು ‘ಇವತ್ತೇ ತಗೊಳ್ಳಿ, ನಾಳೆ ಈ ಬೆಲೆ ಇರಲ್ಲ’ ಅನ್ನುತ್ತಾರೆ. ಅವಸರ ಏನಿದೆ? ಮಾಮೂಲು ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಕೊಳ್ಳುವ ಯೋಜನೆಗಳೂ ಇವೆ. ಪತ್ರದ ಒಂದು ಪ್ರತಿ ಕೊಡಿ, ಮನೆಗೆ ಹೋಗಿ ಓದುತ್ತೇನೆ ಅನ್ನಿ. ಕೊಡಲಿಲ್ಲ ಅಂದರೆ ನಿಮ್ಮ ಉತ್ತರ ಸಿಕ್ಕಿತು. ಕೊಟ್ಟರೆ ಕೊನೆಯ ಹಾಳೆಯಿಂದ ಓದಲು ಶುರು ಮಾಡಿ. ‘ನೀರು’ ಅನ್ನುವ ಮಾತು ಎಲ್ಲಿದೆ ಹುಡುಕಿ, ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಇದು ಕೆಟ್ಟರೆ ಯಾರು ಕೊಡುತ್ತಾರೆ ಅಂತ ಮಾರುವವರ ಕೈಯಲ್ಲೇ ಪಕ್ಕದಲ್ಲಿ ಬರೆಸಿಕೊಳ್ಳಿ.

ನಮಸ್ಕಾರ.