ಊರ ಕೆರೆಯ ಹಕ್ಕಿಗಳು ಮತ್ತು ನಮ್ಮ ಓಡಾಟ

ಮಾನ್ಯ ಸಭಿಕರೇ,

ಶಿರಸಿಯಲ್ಲಿ ನಿಂತು ಕೆರೆಯ ಹಕ್ಕಿಗಳ ಬಗ್ಗೆ ಮಾತನಾಡುವವರು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಪೇಟೆಯೊಳಗೆ ದೇವಿಕೆರೆ, ಕೋಟೆಕೆರೆಗಳಿವೆ, ಸೋಂದಾದಲ್ಲಿ ಮುಂಡಿಗೆಕೆರೆಯಿದೆ, ನಮ್ಮದೇ ಜಿಲ್ಲೆಯ ಮುಂಡಗೋಡ ತಾಲೂಕಿನ ಅತ್ತಿವೇರಿಯಲ್ಲಿ ಜಲಾಶಯವೊಂದು 2.23 ಚದರ ಕಿಲೋಮೀಟರ್ ವಿಸ್ತಾರದ ಪಕ್ಷಿಧಾಮವಾಗಿದೆ. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಊರ ನಡುವಿನ ನೀರಿನಲ್ಲಿ ಬದುಕುವ ಹಕ್ಕಿಗಳಿಗೆ ನಾವು ಅರಿವಿಲ್ಲದೆ ಕೊಡುವ ತೊಂದರೆಯ ಬಗ್ಗೆ.

ತೊಂದರೆ ಎಂದೊಡನೆ ನಮಗೆ ಬೇಟೆ, ಕಲ್ಲೆಸೆತ ನೆನಪಾಗುತ್ತವೆ. ಅಷ್ಟೇನೂ ಬೇಕಿಲ್ಲ, ಗೂಡಿನ ಹತ್ತಿರ ಹೋಗಿ ನಿಂತರೂ ಸಾಕು. ಗುಳುಮುಳುಕ ಹಕ್ಕಿಯನ್ನೇ ನೋಡಿ. ಜೊಂಡಿಗೆ ಅಂಟಿಕೊಂಡು ತೇಲುವ ಕೊಳೆತ ಕಳೆಯ ರಾಶಿಯೇ ಅದರ ಗೂಡು. ಗೂಡು ಬಿಟ್ಟು ನೀರಿಗಿಳಿಯುವ ಮೊದಲು ಅದು ಒದ್ದೆ ಕಳೆಯನ್ನು ಕೊಕ್ಕಿನಿಂದ ಎಳೆದೆಳೆದು ಮೊಟ್ಟೆಗಳ ಮೇಲೆ ಹೊದಿಸುತ್ತದೆ. ಮೇಲೆ ಹಾರುವ ಕಾಗೆಗೆ ಅಲ್ಲಿ ಬರೀ ಕಸ ಕಾಣಬೇಕು. ದಂಡೆಯಲ್ಲಿ ನಾಯಿ ತಟ್ಟನೆ ನುಗ್ಗಿದರೆ ಈ ಕೆಲಸಕ್ಕೆ ಪುರುಸೊತ್ತು ಸಿಗದು, ಮೊಟ್ಟೆಗಳು ಬಯಲಾಗುತ್ತವೆ, ಕಾಗೆಗೆ ಕೆಲವೇ ನಿಮಿಷ ಸಾಕು. ದೇವನಕ್ಕಿಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವು ಕೊಡುವವನೂ ಮರಿ ಸಾಕುವವನೂ ಗಂಡೊಬ್ಬನೇ. ಅವನು ಎದ್ದು ಹೋದರೆ ತೇಲೆಲೆಯ ಮೇಲಿನ ಆ ಮೊಟ್ಟೆಗಳಿಗೆ ಬೇರೆ ದಿಕ್ಕಿಲ್ಲ.

ಬಾತುಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಸಿಳ್ಳೆಬಾತುಗಳು ಹೆಚ್ಚಾಗಿ ರಾತ್ರಿ ಮೇಯುತ್ತವೆ. ಹಗಲು ನೀರಿನ ಮೇಲೆ ಗುಂಪಾಗಿ ಕುಳಿತಿರುವಾಗ ಅವು ದಣಿವಾರಿಸಿಕೊಳ್ಳುತ್ತಿರುತ್ತವೆ. ಹಾರುವ ಚಿತ್ರ ಬೇಕೆಂದು ಯಾರೋ ಚಪ್ಪಾಳೆ ತಟ್ಟಿದರೆ ಇಡೀ ಹಿಂಡು ಏಳುತ್ತದೆ, ಎರಡು ಸುತ್ತು ಹಾಕಿ ಮತ್ತೆ ಇಳಿಯುತ್ತದೆ, ನೋಡಿದವರಿಗೆ ಏನೂ ನಷ್ಟವಾದಂತೆ ಕಾಣುವುದಿಲ್ಲ. ಆದರೆ ಹಕ್ಕಿಗೆ ಹಾರಾಟದಷ್ಟು ಶಕ್ತಿ ಬೇಡುವ ಕೆಲಸ ಮತ್ತೊಂದಿಲ್ಲ. ಚಳಿಗಾಲ ಕಳೆಯಲು ಉತ್ತರದಿಂದ ಬರುವ ವಲಸೆ ಬಾತುಗಳು ಮರಳುವ ಮುನ್ನ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು; ದಿನಕ್ಕೆ ಹತ್ತಾರು ಬಾರಿ ಎಬ್ಬಿಸಿದರೆ ಅದು ಕೂಡುವುದು ಹೇಗೆ? ಇನ್ನು ದಂಡೆಯುದ್ದಕ್ಕೂ ಪ್ರಖರ ದೀಪ ಹಾಕಿದರೆ ರಾತ್ರಿಯ ಮೇವಿಗೂ ಅಡ್ಡಿಯಾದೀತು.

"ನಮ್ಮ ಕೆರೆಯ ಹಕ್ಕಿಗಳಿಗೆ ಜನ ರೂಢಿಯಾಗಿದ್ದಾರೆ, ಹತ್ತಿರ ಹೋದರೂ ಹಾರುವುದಿಲ್ಲ" ಎನ್ನುವವರಿದ್ದಾರೆ. ಬೆಳ್ಳಕ್ಕಿ, ಕೊಳದ ಬಕಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಎಲ್ಲ ಹಕ್ಕಿಗಳಿಗೂ ಇದನ್ನು ಅನ್ವಯಿಸಲಾಗದು. ಹೋಗಲು ಬೇರೆ ನೀರಿಲ್ಲದ ಹಕ್ಕಿ, ಮೊಟ್ಟೆ ಬಿಡಲಾರದ ಹಕ್ಕಿ, ಹಸಿದು ಬಳಲಿದ ಹಕ್ಕಿ ಕೂಡ ಹಾರದೆ ಕುಳಿತಿರುತ್ತದೆ. ಅಂಜುಬುರುಕ ಜಾತಿಗಳಂತೂ ಅಂಥ ಕೆರೆಯನ್ನು ಎಂದೋ ಬಿಟ್ಟಿರುತ್ತವೆ, ಹಾಗಾಗಿ ಅವು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಮಳೆಗಾಲದಲ್ಲಿ ಬಂದು ಗೂಡು ಕಟ್ಟುವುದು ನೀರಿನಲ್ಲೇ ಬೆಳೆದ ಮುಂಡಿಗೆ ಪೊದೆಗಳ ಮೇಲೆ. ಎಲೆಯ ಅಂಚಿಗೆಲ್ಲ ಮುಳ್ಳು, ಸುತ್ತಲೂ ನೀರು. ನಾಯಿಯಾಗಲಿ ಮನುಷ್ಯನಾಗಲಿ ಸುಲಭಕ್ಕೆ ಸುಳಿಯಲಾಗದ ಜಾಗವದು. ಪೇಟೆಯ ಕೆರೆಗೆ ಬೇಕಾಗಿರುವುದೂ ಇಂಥದೇ ಒಂದು ಮೂಲೆ. ಅಭಿವೃದ್ಧಿ ಎಂದರೆ ನಾಲ್ಕೂ ದಂಡೆಗೆ ಕಲ್ಲು ಕಟ್ಟಿ, ಸುತ್ತಲೂ ವಾಕಿಂಗ್ ಪಾತ್ ಮಾಡಿ, ಜೊಂಡನ್ನೆಲ್ಲ ಕಿತ್ತು ದೋಣಿ ಬಿಡುವುದು ಎಂಬ ತಿಳಿವಳಿಕೆ ಬೇರೂರಿದೆ. ಸುತ್ತಲೂ ದಾರಿಯಾದ ಸಣ್ಣ ಕೆರೆಯಲ್ಲಿ ಹಕ್ಕಿಗೆ ಹಿಂದೆ ಸರಿಯಲು ದಂಡೆಯೇ ಉಳಿಯುವುದಿಲ್ಲ. ನಡೆಯುವವರಿಗೆ ಮೂರು ದಂಡೆ ಇರಲಿ, ನನ್ನ ತಕರಾರಿಲ್ಲ. ನಿಗದಿತ ದಾರಿಯಲ್ಲಿ ಒಂದೇ ಹದದಲ್ಲಿ ಸಾಗುವವರಿಗೆ ಹಕ್ಕಿಗಳು ಅಷ್ಟಾಗಿ ಬೆಚ್ಚುವುದಿಲ್ಲ. ನಾಲ್ಕನೆಯ ದಂಡೆಯನ್ನು ಇಳಿಜಾರು ಮಣ್ಣಾಗಿ, ಜೊಂಡು ಸಮೇತ, ದೀಪವಿಲ್ಲದೆ ಬಿಡಬೇಕು. ಹೂಳೆತ್ತುವ ಕೆಲಸವನ್ನೂ ಒಂದೇ ಬೇಸಿಗೆಯಲ್ಲಿ ಇಡೀ ಕೆರೆ ಬರಿದು ಮಾಡದೆ ಭಾಗ ಭಾಗವಾಗಿ ಮುಗಿಸಬಹುದು.

ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದರಲ್ಲಿ ಪಾಲ್ಗೊಳ್ಳುವ ನಮ್ಮ ತರುಣರಲ್ಲಿ ನನ್ನದೊಂದು ವಿನಂತಿ. ಹಕ್ಕಿಗಳ ಸಂಖ್ಯೆಯ ಪಕ್ಕದಲ್ಲಿ ಆ ಹೊತ್ತು ದಂಡೆಯಲ್ಲಿದ್ದ ಜನ, ನಾಯಿ, ದೋಣಿ, ಡ್ರೋನ್‌ಗಳನ್ನೂ, ಎಷ್ಟು ದೂರದಲ್ಲಿದ್ದಾಗ ಯಾವ ಹಕ್ಕಿ ಎದ್ದಿತು ಎಂಬುದನ್ನೂ ಬರೆದಿಡಿ. ಯಾವ ದಂಡೆಯನ್ನು ಬಿಡಬೇಕೆಂದು ನಗರಸಭೆಯ ಮುಂದೆ ಕೇಳುವಾಗ ಈ ದಾಖಲೆ ನಮ್ಮ ಕೈಯಲ್ಲಿರಬೇಕು.